ಮುಟ್ಟು ನಿಂತಾಗ ಮೊದಲು ಕೇಳಬೇಕಾದದ್ದು ಊಟದ ಬಗ್ಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಯ ದೇಹದ ಬಗ್ಗೆ ಎರಡು ಮಾತುಗಳು ಎಗ್ಗಿಲ್ಲದೆ ಓಡಾಡುತ್ತವೆ. ಮದುವೆಗೆ ಮೊದಲು, ‘ಸ್ವಲ್ಪ ಇಳಿದರೆ ಚೆನ್ನಾಗಿರುತ್ತಿತ್ತು.’ ಮದುವೆಯಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ, ‘ಏನಾದರೂ ವಿಶೇಷ ಇದೆಯಾ?’ ಮಾಟುಂಗಾದ ಸಭಾಗೃಹದಿಂದ ಡೊಂಬಿವಲಿಯ ಸೊಸೈಟಿ ಹಾಲ್‌ವರೆಗೆ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮಂದಿರು ಪ್ರೀತಿಯಿಂದಲೇ ಆಡುವ ಮಾತುಗಳಿವು. ಮೊದಲನೆಯದನ್ನು ಆಕೆ ತೀರಾ ಮನಸ್ಸಿಗೆ ಹಚ್ಚಿಕೊಂಡರೆ ಎರಡನೆಯದಕ್ಕೆ ಉತ್ತರ ಹೇಳುವುದು ಕಷ್ಟವಾಗಬಹುದು ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಊಟದೊಂದಿಗೆ ಹಳಸಿದ ಸಂಬಂಧ ಮುಟ್ಟಿನ ಚಕ್ರವನ್ನೂ ಗರ್ಭ ನಿಲ್ಲುವ ಸಾಧ್ಯತೆಯನ್ನೂ ಕದಡುತ್ತದೆ ಎಂಬುದು ವೈದ್ಯಕೀಯಕ್ಕೆ ಹೊಸ ವಿಷಯವೇನಲ್ಲ. ನಮ್ಮ ಮನೆಗಳಲ್ಲಿ, ಎಷ್ಟೋ ಸಲ ನಮ್ಮ ದವಾಖಾನೆಗಳಲ್ಲೂ, ಅದು ಪ್ರಶ್ನೆಯಾಗಿ ಏಳುವುದೇ ಇಲ್ಲ.

ಆಹಾರ ಸೇವನೆಯ ಅಸ್ವಸ್ಥತೆ, ಅಂದರೆ ಈಟಿಂಗ್ ಡಿಸಾರ್ಡರ್, ಎಂದರೆ ಡಯಟ್ ಅಲ್ಲ, ಹಟವೂ ಅಲ್ಲ. ಅದು ಮಾನಸಿಕ ಕಾಯಿಲೆ. ಇದರಲ್ಲಿ ಮುಖ್ಯವಾದವು ಮೂರು. ದಪ್ಪಗಾಗುವ ಭಯದಿಂದ ಊಟವನ್ನು ಕಡಿತಗೊಳಿಸುತ್ತ ಹೋಗಿ ದೇಹ ಬಡವಾಗುವುದು ಅನೊರೆಕ್ಸಿಯಾ ನರ್ವೋಸಾ. ಹಿಡಿತ ತಪ್ಪಿದಂತೆ ತಿಂದು, ತಿಂದದ್ದನ್ನು ದೇಹದಿಂದ ಹೊರಹಾಕಲು ಹೆಣಗುವುದು ಬುಲಿಮಿಯಾ. ಹಾಗೆ ತಿಂದು ನಾಚಿಕೆ, ಸಂಕಟಗಳಲ್ಲಿ ಮುಳುಗುವುದು, ಆದರೆ ಹೊರಹಾಕುವ ಪ್ರಯತ್ನವಿಲ್ಲದಿರುವುದು ಬಿಂಜ್ ಈಟಿಂಗ್. ಇವುಗಳ ನಡುವೆ, ಯಾವುದಕ್ಕೂ ಪೂರ್ತಿ ಹೊಂದದ ಮಿಶ್ರ ರೂಪಗಳೇ ಹೆಚ್ಚು. ತೂಕ ನೋಡಿ ಇವುಗಳನ್ನು ಗುರುತಿಸಲು ಬರುವುದಿಲ್ಲ. ಬುಲಿಮಿಯಾ ಇರುವ ಹುಡುಗಿ ನೋಡಲು ಎಲ್ಲರಂತೆಯೇ ಇರುತ್ತಾಳೆ. ‘ಅವಳು ಸರಿಯಾಗಿಯೇ ತಿನ್ನುತ್ತಾಳಲ್ಲ’ ಎಂದು ಮನೆಯವರು ಸಮಾಧಾನಪಡುವುದೂ ಅದಕ್ಕೇ.

ಊಟಕ್ಕೂ ಮುಟ್ಟಿಗೂ ನಂಟು ಎಲ್ಲಿದೆ ಎಂದು ನೋಡಲು ಹೊಟ್ಟೆಗಿಂತ ಮೊದಲು ಮಿದುಳಿಗೆ ಹೋಗಬೇಕು. ಮಿದುಳಿನ ತಳಭಾಗದಲ್ಲಿರುವ ಹೈಪೊಥಾಲಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಸದಾ ಸುರಿಸುವುದಿಲ್ಲ, ಮಿಡಿತ ಮಿಡಿತವಾಗಿ ಬಿಡುತ್ತದೆ. ಆ ಮಿಡಿತದ ಲಯವನ್ನು ಹಿಡಿದು ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್‌ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಕಳಿಸುತ್ತದೆ. ಅವು ಅಂಡಾಶಯವನ್ನು ತಲುಪಿದರೆ ಅಂಡ ಬಲಿಯುತ್ತದೆ, ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ, ಅಂಡ ಹೊರಬೀಳುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ಮುಟ್ಟಾಗುತ್ತದೆ. ಇಷ್ಟೆಲ್ಲ ಮೊದಲಾಗುವುದು ಆ ಮಿಡಿತದಿಂದ. ದೇಹಕ್ಕೆ ಬೇಕಾದ ಶಕ್ತಿ ಸಿಗದಿದ್ದಾಗ ಮೊದಲು ನಿಧಾನವಾಗುವುದೂ ಆ ಮಿಡಿತವೇ.

ಶಕ್ತಿ ಸಾಕಷ್ಟಿದೆಯೇ ಎಂದು ಮಿದುಳಿಗೆ ತಿಳಿಸುವವು ಹಲವು ಸಂಕೇತಗಳು. ಅವುಗಳಲ್ಲಿ ಮುಖ್ಯವಾದದ್ದು 1994ರಲ್ಲಿ ಪತ್ತೆಯಾದ ಲೆಪ್ಟಿನ್. ಕೊಬ್ಬಿನ ಕೋಶಗಳಿಂದ ಬರುವ ಈ ಹಾರ್ಮೋನು ಕೊಬ್ಬು ಕರಗಿದಾಗಲೂ ಇಳಿಯುತ್ತದೆ, ಕೆಲವು ದಿನ ಊಟ ಕಡಿಮೆಯಾದಾಗಲೂ ಇಳಿಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ಥೈರಾಯ್ಡಿನ ಚುರುಕು ತಗ್ಗುತ್ತದೆ. ವರಮಾನ ಕುಗ್ಗಿದ ಮನೆ ಬಾಡಿಗೆ ಮತ್ತು ಅಕ್ಕಿಯ ಖರ್ಚನ್ನು ಉಳಿಸಿಕೊಂಡು ಊರ ಜಾತ್ರೆಯ ಪ್ರಯಾಣವನ್ನು ಮುಂದೂಡುವಂತೆ, ದೇಹವೂ ಹೃದಯ ಮತ್ತು ಮಿದುಳಿನ ಪಾಲನ್ನು ಕಾಯ್ದುಕೊಂಡು ಸಂತಾನದ ಕೆಲಸವನ್ನು ಬದಿಗಿಡುತ್ತದೆ. ಅಂಡಾಶಯ ಕೆಟ್ಟಿರುವುದಿಲ್ಲ, ಅಂಡಗಳು ನಾಶವಾಗಿರುವುದಿಲ್ಲ. ಮೇಲಿನಿಂದ ಆಜ್ಞೆ ಬರುತ್ತಿಲ್ಲ, ಅಷ್ಟೆ. ಇದನ್ನು ವೈದ್ಯರು ಫಂಕ್ಷನಲ್ ಹೈಪೊಥಾಲಮಿಕ್ ಅಮೆನೋರಿಯಾ ಎನ್ನುತ್ತಾರೆ. ಮಿಡಿತ ಮರಳಿದರೆ ಚಕ್ರವೂ ಮರಳುತ್ತದೆ. ಮುಂದೆ ಹೇಳುವ ಎಲ್ಲ ಕಷ್ಟಗಳ ನಡುವೆ ಓದುಗರು ಇದೊಂದನ್ನು ಕೈಬಿಡಬಾರದು.

ಈ ಮಾತಿಗೆ ಇತಿಹಾಸ ಕೊಟ್ಟ ಸಾಕ್ಷಿ ಕಠೋರವಾದದ್ದು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್‌ಲೆಂಡ್ಸ್‌ನ ಪಶ್ಚಿಮದ ನಗರಗಳಿಗೆ ಆಹಾರ ಪೂರೈಕೆ ಕಡಿದುಹೋಯಿತು. ಬಹಳಷ್ಟು ಮಹಿಳೆಯರ ಮುಟ್ಟು ನಿಂತಿತು. ಒಂಬತ್ತು ತಿಂಗಳ ನಂತರ ಜನನಗಳ ಸಂಖ್ಯೆ ಕುಸಿಯಿತು. ಆಹಾರ ಬಂದ ಮೇಲೆ ಮುಟ್ಟೂ ಬಂತು, ಮಕ್ಕಳೂ ಹುಟ್ಟಿದರು. ಅಲ್ಲಿ ಹಸಿವನ್ನು ಹೊರಗಿನವರು ಹೇರಿದ್ದರು. ಅನೊರೆಕ್ಸಿಯಾದಲ್ಲಿ ಹಸಿವನ್ನು ಹೇರುವುದು ಕಾಯಿಲೆ. ಹೈಪೊಥಾಲಮಸ್‌ಗೆ ಈ ಭೇದ ಗೊತ್ತಾಗುವುದಿಲ್ಲ.

ದೇಹದಲ್ಲಿ ಇಂತಿಷ್ಟು ಕೊಬ್ಬಿದ್ದರೆ ಮುಟ್ಟು ಬರುತ್ತದೆ, ಅದಕ್ಕಿಂತ ಇಳಿದರೆ ನಿಲ್ಲುತ್ತದೆ ಎಂಬ ಕಲ್ಪನೆಯನ್ನು 1974ರಲ್ಲಿ ಅಮೆರಿಕದ ವಿಜ್ಞಾನಿ ರೋಸ್ ಫ್ರಿಷ್ ಮತ್ತು ಅವರ ಸಹಲೇಖಕಿ ಮುಂದಿಟ್ಟರು. ಬಹಳ ಕಾಲ ಅದೇ ನಂಬಿಕೆ ನಡೆಯಿತು. ಆಮೇಲಿನ ಸಂಶೋಧನೆ ಅದನ್ನು ತಿದ್ದಿತು. 2003ರಲ್ಲಿ ಆ್ಯನ್ ಲೌಕ್ಸ್ ಮತ್ತು ಜೀನ್ ಥುಮಾ ಎಂಬ ಸಂಶೋಧಕರು ಆರೋಗ್ಯವಂತ ಯುವತಿಯರ ಊಟ ಮತ್ತು ವ್ಯಾಯಾಮವನ್ನು ಕೇವಲ ಐದು ದಿನ ನಿಯಂತ್ರಿಸಿ ಅಳೆದು ನೋಡಿದರು. ವ್ಯಾಯಾಮಕ್ಕೆ ಹೋದದ್ದನ್ನು ಕಳೆದು ಉಳಿಯುವ ಶಕ್ತಿ, ಕೊಬ್ಬಿಲ್ಲದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲರಿಗಿಂತ ಕೆಳಗಿಳಿದಾಗ ಎಲ್‌ಎಚ್‌ನ ಮಿಡಿತ ಅಸ್ತವ್ಯಸ್ತವಾಯಿತು. ಐದು ದಿನಗಳಲ್ಲಿ ಯಾರೂ ಬಡಕಲಾಗಿರಲಿಲ್ಲ. ಹಾಗಾಗಿ ತೂಕದ ಯಂತ್ರ ತೋರಿಸುವ ಅಂಕಿಗಿಂತ, ಉರಿಯುವ ಶಕ್ತಿಗೂ ತಿನ್ನುವ ಶಕ್ತಿಗೂ ಇರುವ ಅಂತರವೇ ಇಲ್ಲಿ ದೊಡ್ಡದು. ಈ 30 ಎಂಬುದೂ ಎಲ್ಲರಿಗೂ ಎಳೆದ ಗೆರೆಯಲ್ಲ. ಕೆಲವರಲ್ಲಿ ಅದಕ್ಕಿಂತ ಮೇಲೆಯೇ ಚಕ್ರ ಕದಡುತ್ತದೆ, ಕೆಲವರಲ್ಲಿ ತಡವಾಗಿ.

ಈ ಅಂತರವನ್ನು ಈ ನಗರದ ದಿನಚರಿಯಲ್ಲಿಟ್ಟು ನೋಡಿ. ಡೊಂಬಿವಲಿಯಲ್ಲಿ ಮನೆ, ಅಂಧೇರಿಯಲ್ಲಿ ಕೆಲಸ ಇರುವ ಒಬ್ಬ ಇಪ್ಪತ್ತಮೂರರ ಹುಡುಗಿಯನ್ನು ಊಹಿಸಿಕೊಳ್ಳಿ. ಅಮ್ಮ ಕಟ್ಟಿಕೊಟ್ಟ ಡಬ್ಬದ ಅರ್ಧ ಸಹೋದ್ಯೋಗಿಗೆ, ಉಳಿದರ್ಧ ಕಸದ ಬುಟ್ಟಿಗೆ. ಸಂಜೆ ಜಿಮ್. ರಾತ್ರಿ ಮನೆಗೆ ಬಂದಾಗ ‘ಆಫೀಸಿನಲ್ಲೇ ತಿಂದೆ’ ಎಂಬ ಉತ್ತರ. ಸೋಮವಾರ ಉಪವಾಸ, ಸಂಕಷ್ಟಿಗೆ ಉಪವಾಸ, ನವರಾತ್ರಿಗೆ ಒಂಬತ್ತು ದಿನ. ಮೂರು ತಿಂಗಳಿಂದ ಮುಟ್ಟಾಗಿಲ್ಲ ಎಂಬುದು ಅವಳ ಮೊಬೈಲಿನ ಆ್ಯಪ್‌ಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ಹಿಂದಿನ ಚಾಳಿನ ಒಂದೇ ಕೋಣೆಯ ಬದುಕಿನಲ್ಲಿ ತಾಯಿಗೆ ಮಗಳ ದಿನಗಳು ತಾನಾಗಿಯೇ ತಿಳಿಯುತ್ತಿದ್ದವು. ಮುಟ್ಟಿನವಳನ್ನು ದೂರ ಕೂರಿಸುವ ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜಾಗದಲ್ಲಿ ತಾಯಿ–ಮಗಳ ನಡುವೆ ಸಂಕೋಚವಿಲ್ಲದ ಮಾತು ಬೆಳೆಯಬೇಕಿತ್ತು, ಅದಿನ್ನೂ ಬೆಳೆದಿಲ್ಲ. ಹೆಚ್ಚಿನ ಕಡೆ ಮುಟ್ಟು ಬಂದರೂ ಮೌನ, ಬಾರದಿದ್ದರೂ ಮೌನ. ಬಾರದಿದ್ದರೆ ಪೂಜೆಗೆ ಅಡ್ಡಿಯಿಲ್ಲ, ಲೋಕಲಿನ ನೂಕುನುಗ್ಗಲಿನಲ್ಲಿ ಕಿರಿಕಿರಿಯಿಲ್ಲ ಎಂದು ಹುಡುಗಿಗೆ ನಿರಾಳವೂ ಆಗಬಹುದು.

ಕೊನೆಗೊಂದು ದಿನ ತಾಯಿಗೆ ತಿಳಿಯುತ್ತದೆ, ಇಬ್ಬರೂ ಸ್ತ್ರೀರೋಗ ತಜ್ಞರ ಬಳಿ ಹೋಗುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿ ನಡೆಯುವುದರ ಬಗ್ಗೆ. ಹೊರರೋಗಿ ವಿಭಾಗದ ಸರತಿ ಉದ್ದವಿರುತ್ತದೆ, ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಸೋನೋಗ್ರಫಿಯಲ್ಲಿ ಅಂಡಾಶಯದ ತುಂಬ ಸಣ್ಣ ಕೋಶಿಕೆಗಳು, ಅಂದರೆ ಅಂಡ ಬೆಳೆಯುವ ಪುಟ್ಟ ಚೀಲಗಳು, ಕಾಣುತ್ತವೆ. ‘ಪಿಸಿಓಡಿ’ ಎಂಬ ಹೆಸರು ಬೀಳುತ್ತದೆ. ಹಾರ್ಮೋನುಗಳ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ಈ ತೊಂದರೆಗೆ ಪಿಸಿಓಎಸ್ ಎಂದೂ ಹೆಸರಿದೆ. ಹಾರ್ಮೋನು ಮಾತ್ರೆ ಬರೆಯಲಾಗುತ್ತದೆ, ಜೊತೆಗೆ ‘ತೂಕ ಇಳಿಸಿ, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ’ ಎಂಬ ಸಲಹೆ. ಊಟ ಬಿಟ್ಟದ್ದರಿಂದಲೇ ಮುಟ್ಟು ನಿಂತ ಹುಡುಗಿಗೆ ಇನ್ನಷ್ಟು ಊಟ ಬಿಡಲು ವೈದ್ಯರ ಅಪ್ಪಣೆಯೇ ಸಿಕ್ಕಂತಾಯಿತು. ಅವಳೊಳಗಿನ ಕಾಯಿಲೆಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ.

ಈ ಗೊಂದಲ ಯಾಕಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹರೆಯದ ಹುಡುಗಿಯರ ಅಂಡಾಶಯದಲ್ಲಿ ಹಲವು ಸಣ್ಣ ಕೋಶಿಕೆಗಳು ಕಾಣುವುದು ಸಹಜ. ಹೈಪೊಥಾಲಮಸ್ ಮಂಕಾದಾಗಲೂ ಅವು ಬಲಿಯದೆ ಹಾಗೆಯೇ ಉಳಿದು, ತೆರೆಯ ಮೇಲೆ ಪಿಸಿಓಎಸ್‌ನಂತೆಯೇ ಕಾಣಬಹುದು. ಆದರೆ ರಕ್ತದ ಕಥೆ ಬೇರೆ. ಪಿಸಿಓಎಸ್‌ನಲ್ಲಿ ಪುರುಷ ಹಾರ್ಮೋನುಗಳು ಹೆಚ್ಚಿರುತ್ತವೆ, ಎಲ್‌ಎಚ್ ಏರಿರುವುದುಂಟು, ಈಸ್ಟ್ರೋಜನ್ ಸಾಕಷ್ಟಿರುತ್ತದೆ, ಗರ್ಭಕೋಶದ ಪದರ ದಪ್ಪಗಿರಬಹುದು, ಮುಖದಲ್ಲಿ ಕೂದಲು ಮತ್ತು ಮೊಡವೆ ಕಾಣಿಸಬಹುದು. ಊಟದ ಕೊರತೆಯಿಂದ ಮುಟ್ಟು ನಿಂತಾಗ ಎಲ್‌ಎಚ್ ಸಾಮಾನ್ಯವಾಗಿ ತಗ್ಗಿರುತ್ತದೆ, ಈಸ್ಟ್ರೋಜನ್ ಕಡಿಮೆ, ಪದರ ತೆಳು. ಕೈಕಾಲು ತಣ್ಣಗಾಗುವುದು, ಎಲ್ಲರೂ ಬೆವರುವಾಗ ಚಳಿಯೆನ್ನುವುದು, ನಾಡಿ ನಿಧಾನವಾಗುವುದು, ಕೂದಲು ಉದುರುವುದು, ಮಲಬದ್ಧತೆ, ನಿಂತಾಗ ತಲೆ ತಿರುಗುವುದು ಇವೂ ಜೊತೆಗಿರಬಹುದು. ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವವರೆಗೆ ಸೋನೋಗ್ರಫಿಯನ್ನು ನಂಬಿ ಪಿಸಿಓಎಸ್ ಎನ್ನಬಾರದು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು. 2023ರ ಪರಿಷ್ಕೃತ ಮಾರ್ಗಸೂಚಿಯೂ ಹರೆಯದವರಲ್ಲಿ ಅದನ್ನು ಬಳಸಬೇಡಿ ಎನ್ನುತ್ತದೆ. ಹದಿನಾರರ ಹುಡುಗಿಗೆ ಒಂದು ಸ್ಕ್ಯಾನಿನ ಮೇಲೆ ಪಿಸಿಓಡಿ ಎಂದು ಬರೆದುಕೊಟ್ಟರೆ ತಾಯಂದಿರು ‘ರಕ್ತ ಪರೀಕ್ಷೆ ಏನು ಹೇಳುತ್ತದೆ?’ ಎಂದು ಕೇಳಲು ಹಿಂಜರಿಯಬಾರದು.

ನಿಜವಾಗಿಯೂ ಪಿಸಿಓಎಸ್ ಇರುವವರಲ್ಲೂ ಊಟದ ಪ್ರಶ್ನೆ ಮುಗಿಯುವುದಿಲ್ಲ. ಅವರಲ್ಲಿ ಬಿಂಜ್ ಈಟಿಂಗ್ ಮತ್ತು ಇತರ ಅಸ್ವಸ್ಥತೆಗಳು ಹೆಚ್ಚು ಕಾಣುತ್ತವೆ ಎಂಬುದನ್ನು ಅದೇ ಮಾರ್ಗಸೂಚಿ ಒಪ್ಪಿಕೊಂಡು, ವೈದ್ಯರು ಎಚ್ಚರವಾಗಿರಬೇಕೆಂದು ಹೇಳಿದೆ. ಕಠಿಣ ಡಯಟ್, ಅದು ಮುರಿದಾಗ ಹಿಡಿತ ತಪ್ಪಿದ ತಿನ್ನುವಿಕೆ, ಮರುದಿನ ಇನ್ನೂ ಕಠಿಣ ಡಯಟ್ ಎಂಬ ಸುಳಿಗೆ ಬಿದ್ದವಳಿಗೆ ‘ಬಾಯಿ ಕಟ್ಟು’ ಎಂಬ ಸಲಹೆ ಔಷಧಿಯಲ್ಲ. ತೂಕ ಏರಿಳಿದಂತೆ ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು, ಹೆಚ್ಚಿ ಅಂಡೋತ್ಪತ್ತಿ ಇನ್ನಷ್ಟು ತಪ್ಪಬಹುದು. ಬುಲಿಮಿಯಾದಲ್ಲಿ ತೂಕ ಸಹಜವಾಗಿದ್ದರೂ ಮುಟ್ಟು ಏರುಪೇರಾಗುವುದು ಸಾಮಾನ್ಯ. ಒಂದು ದಿನ ಶಕ್ತಿಯ ಪ್ರವಾಹ, ಮರುದಿನ ಬರಗಾಲ, ಇವುಗಳ ನಡುವೆ ಲಯ ನಿಲ್ಲುವುದಿಲ್ಲ.

ಇನ್ನು ಆ ಹಾರ್ಮೋನು ಮಾತ್ರೆ. ಗರ್ಭನಿರೋಧಕ ಮಾತ್ರೆ ಕೊಟ್ಟರೆ ತಿಂಗಳಿಗೊಮ್ಮೆ ರಕ್ತಸ್ರಾವವಾಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಅದು ನಿಜವಾದ ಮುಟ್ಟಲ್ಲ. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಆಗುವ ಸ್ರಾವ ಮಾತ್ರ. ಅಂಡೋತ್ಪತ್ತಿ ಆಗಿಲ್ಲ, ಮಿದುಳಿನ ಮಿಡಿತ ಮರಳಿಲ್ಲ, ಮೂಳೆಗೂ ಅದರಿಂದ ನಂಬಬಹುದಾದ ರಕ್ಷಣೆಯಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ಹೊರತಂದ ಮಾರ್ಗಸೂಚಿ, ಮುಟ್ಟು ಮರಳಿಸಲಿಕ್ಕೋ ಮೂಳೆ ಗಟ್ಟಿ ಮಾಡಲಿಕ್ಕೋ ಮಾತ್ರವೇ ಈ ಮಾತ್ರೆ ಕೊಡಬೇಡಿ ಎನ್ನುತ್ತದೆ. ಊಟ, ವ್ಯಾಯಾಮ, ಮನಸ್ಸು ಇವುಗಳನ್ನು ಸರಿಪಡಿಸಿದ ಮೇಲೂ ಚಕ್ರ ಮರಳದಿದ್ದರೆ ಸ್ವಲ್ಪ ಕಾಲ ಚರ್ಮದ ಮೂಲಕ ಈಸ್ಟ್ರೋಜನ್ ಕೊಡುವುದನ್ನು ಯೋಚಿಸಬಹುದು ಎನ್ನುತ್ತದೆ. ಮಾತ್ರೆಯ ಕೆಟ್ಟ ಪರಿಣಾಮ ಅದರ ರಾಸಾಯನಿಕದಲ್ಲಿಲ್ಲ, ಅದು ಅಪಾಯದ ಗುರುತನ್ನೇ ಮುಚ್ಚಿಬಿಡುತ್ತದೆ. ಮೂರು ವರ್ಷ ಮಾತ್ರೆ ತಿಂದು, ಮದುವೆಯಾದ ಮೇಲೆ ನಿಲ್ಲಿಸಿದಾಗ ‘ಮುಟ್ಟೇ ಬರುತ್ತಿಲ್ಲ’ ಎಂಬ ಗಾಬರಿ. ತೊಂದರೆ ಹಳೆಯದು, ಈಗಷ್ಟೇ ಕಣ್ಣಿಗೆ ಬಿದ್ದಿದೆ.

ಮೂಳೆಯ ವಿಷಯದಲ್ಲಿ ಕಾಲ ಕಾಯುವುದಿಲ್ಲ ಎಂಬುದನ್ನೂ ಹೇಳಬೇಕು. ಜೀವಮಾನಕ್ಕೆ ಬೇಕಾದ ಮೂಳೆಯ ಬಂಡವಾಳದ ಬಹುಪಾಲು ಇಪ್ಪತ್ತರ ಒಳಗೇ ಕೂಡುತ್ತದೆ. ಅದೇ ವಯಸ್ಸಿನಲ್ಲಿ ಈಸ್ಟ್ರೋಜನ್ ಇಲ್ಲದೆ ವರ್ಷಗಳು ಕಳೆದರೆ, ಮುಟ್ಟು ಮರಳಿದ ಮೇಲೂ ಆ ಕೊರತೆ ಪೂರ್ತಿ ತುಂಬದಿರಬಹುದು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಟ್ಟು ನಿಂತವರಿಗೆ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕೆಂದು ಅದೇ 2017ರ ಮಾರ್ಗಸೂಚಿ ಹೇಳುವುದು ಇದಕ್ಕಾಗಿ. ಫಲವಂತಿಕೆಗಿಂತ ನನಗೆ ಹೆಚ್ಚು ಚಿಂತೆ ಇದರದ್ದು, ಯಾಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ‘ವಿಶೇಷ ಇದೆಯಾ’ ಎನ್ನಲು ನೂರು ಜನರಿದ್ದಾರೆ, ಬೆನ್ನುಮೂಳೆ ಹೇಗಿದೆ ಎನ್ನಲು ಒಬ್ಬರೂ ಇಲ್ಲ.

ಹಾಗಾದರೆ ಗರ್ಭ ನಿಲ್ಲುವ ಸಾಧ್ಯತೆ ಎಷ್ಟು ಕುಗ್ಗುತ್ತದೆ? ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ 11,088 ಗರ್ಭಿಣಿಯರ ಮಾಹಿತಿಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಹಿಂದೆ ಅನೊರೆಕ್ಸಿಯಾ ಮತ್ತು ಬುಲಿಮಿಯಾ ಎರಡನ್ನೂ ಅನುಭವಿಸಿದ್ದವರಲ್ಲಿ ಸುಮಾರು ಶೇ 39 ಮಂದಿಗೆ ಗರ್ಭ ನಿಲ್ಲಲು ಆರು ತಿಂಗಳಿಗಿಂತ ಹೆಚ್ಚು ಬೇಕಾಯಿತು, ಇತರರಲ್ಲಿ ಶೇ 25 ಮಂದಿಗೆ. ಚಿಕಿತ್ಸೆಯ ನೆರವು ಪಡೆದವರು ಅವರಲ್ಲಿ ಶೇ 6ರಷ್ಟು, ಇತರರಲ್ಲಿ ಶೇ 3ಕ್ಕೂ ಕಡಿಮೆ. ವ್ಯತ್ಯಾಸವಿದೆ, ಆದರೆ ಬಾಗಿಲು ಮುಚ್ಚಿದಂಥ ವ್ಯತ್ಯಾಸವಲ್ಲ. ಎಲ್ಲರೂ ಗರ್ಭಿಣಿಯರೇ ಆಗಿದ್ದುದರಿಂದ ಗರ್ಭವೇ ನಿಲ್ಲದವರ ಕಥೆ ಈ ಲೆಕ್ಕದಲ್ಲಿಲ್ಲ ಎಂಬುದನ್ನೂ ನೆನಪಿಡಬೇಕು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಹೆಚ್ಚು ಜನ ಗಮನಿಸುವುದಿಲ್ಲ. ಅನೊರೆಕ್ಸಿಯಾ ಅನುಭವಿಸಿದ್ದವರಲ್ಲಿ ಸುಮಾರು ಶೇ 41 ಗರ್ಭಗಳು ಯೋಜಿಸಿರದವು, ಇತರರಲ್ಲಿ ಅಂಥವು ಶೇ 28ರ ಆಸುಪಾಸು. ಮಕ್ಕಳಾಗುವುದಿಲ್ಲ ಎಂದು ನಂಬಿ ಎಚ್ಚರ ತಪ್ಪಿದವರು ಇವರಲ್ಲಿ ಎಷ್ಟೋ ಮಂದಿ ಇರಬಹುದು. ಅಂಡ ಹೊರಬೀಳುವುದು ಮುಟ್ಟಿಗಿಂತ ಸುಮಾರು ಎರಡು ವಾರ ಮುಂಚೆ. ತಿಂಗಳುಗಟ್ಟಲೆ ನಿಂತ ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು, ಮುಟ್ಟು ನಿಂತೇ ಇರುವುದರಿಂದ ಅದು ತಿಳಿಯುವುದೂ ತಡವಾಗಬಹುದು. ವಾಂತಿ ಮಾಡಿಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆ ರಕ್ತಕ್ಕೆ ಸೇರದೆಯೂ ಹೋಗಬಹುದು. ಮುಟ್ಟಿಲ್ಲದಿರುವುದು ಗರ್ಭನಿರೋಧವಲ್ಲ.

ಫಲವಂತಿಕೆಯ ಚಿಕಿತ್ಸೆಗೆ ಬಂದರೆ, ಮುಂಬಯಿಗೆ ಇದರಲ್ಲಿ ಹಿರಿಯ ಸ್ಥಾನವಿದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೆಲಸದಿಂದ 1986ರ ಆಗಸ್ಟ್‌ನಲ್ಲಿ ಪ್ರನಾಳ ಶಿಶುವೊಂದು ಜನಿಸಿತು. ಇಂದು ಉಪನಗರಗಳ ಸ್ಟೇಷನ್ ರಸ್ತೆಗಳಲ್ಲೂ ಐವಿಎಫ್ ಕೇಂದ್ರಗಳ ಫಲಕಗಳಿವೆ. ಅಲ್ಲಿ ಫಾರ್ಮಿನಲ್ಲಿ ಎತ್ತರ, ತೂಕ, ಮುಟ್ಟಿನ ದಿನಾಂಕ, ಗಂಡನ ವೀರ್ಯ ಪರೀಕ್ಷೆ ಎಲ್ಲದಕ್ಕೂ ಜಾಗವಿರುತ್ತದೆ. ‘ಊಟದ ಬಗ್ಗೆ ನಿಮಗೆ ಭಯವಿದೆಯೇ, ತಿಂದ ಮೇಲೆ ಸಂಕಟವಾಗುತ್ತದೆಯೇ’ ಎಂಬುದಕ್ಕೂ ಜಾಗ ಇರಬೇಕು. ಕೆನಡಾದ ಫಲವಂತಿಕೆ ಚಿಕಿತ್ಸಾಲಯವೊಂದಕ್ಕೆ ಬಂದ 66 ಮಹಿಳೆಯರನ್ನು ಪರಿಶೀಲಿಸಿ 1990ರಲ್ಲಿ ವರದಿ ಮಾಡಿದಾಗ ಸುಮಾರು ಶೇ 17 ಮಂದಿಗೆ ಆಹಾರ ಸೇವನೆಯ ಅಸ್ವಸ್ಥತೆ ಇತ್ತು. ಮುಟ್ಟು ನಿಂತ ಅಥವಾ ವಿರಳವಾದ ಮಹಿಳೆಯರನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಶೇ 58. ಅವರಲ್ಲಿ ಒಬ್ಬರೂ ತಮ್ಮ ಸ್ತ್ರೀರೋಗ ತಜ್ಞರಿಗೆ ಹೇಳಿರಲಿಲ್ಲ. ಸಣ್ಣ ಅಧ್ಯಯನ, ಹಳೆಯದು, ಬೇರೆ ದೇಶದ್ದು. ಆದರೂ ಆ ಕೊನೆಯ ವಾಕ್ಯ ನನ್ನನ್ನು ಕಾಡುತ್ತದೆ. ಗರ್ಭಕ್ಕಾಗಿ ಚುಚ್ಚುಮದ್ದು, ಸ್ಕ್ಯಾನು, ಸಾಲ ಎಲ್ಲವನ್ನೂ ತಾಳಿಕೊಳ್ಳುವ ಹೆಣ್ಣು ಊಟದ ಗುಟ್ಟನ್ನು ಮಾತ್ರ ಬಿಚ್ಚಿಡಲಾರಳು ಎಂದರೆ ಆ ನಾಚಿಕೆಯ ಭಾರ ಎಷ್ಟಿರಬೇಕು.

ಶಕ್ತಿಯ ಕೊರತೆ ಹಾಗೆಯೇ ಇರುವಾಗ ಅಂಡೋತ್ಪತ್ತಿಯ ಮದ್ದು ಕೊಟ್ಟು ಗರ್ಭ ನಿಲ್ಲಿಸುವುದು ಆಗದ ಕೆಲಸವಲ್ಲ. ಆದರೆ ಅದು ಸರಿಯಾದ ಕ್ರಮವಲ್ಲ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚ್ಯಂಕ (ಬಿಎಂಐ) ಕನಿಷ್ಠ 18.5 ತಲುಪಿದ ಮೇಲೆಯೇ ಅಂಥ ಚಿಕಿತ್ಸೆ ಆರಂಭಿಸಬೇಕು ಎಂಬುದು 2017ರ ಮಾರ್ಗಸೂಚಿಯ ಸಲಹೆ. ಅದಕ್ಕೂ ಮೊದಲು ಗರ್ಭ ನಿಂತರೆ ಗರ್ಭಪಾತ, ಅವಧಿಪೂರ್ವ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು ಮುಂತಾದ ಅಪಾಯಗಳು ಹೆಚ್ಚು. ಬಸುರಿನಲ್ಲಿ ಹೊಟ್ಟೆ ಬೆಳೆಯುವುದು, ಪ್ರತಿ ಭೇಟಿಯಲ್ಲೂ ತೂಕ ನೋಡುವುದು, ಬಾಣಂತನದಲ್ಲಿ ಎಲ್ಲರೂ ತಟ್ಟೆಗೆ ತುಪ್ಪ ಸುರಿಯುವುದು ಇವೆಲ್ಲ ಹಳೆಯ ಕಾಯಿಲೆಯನ್ನು ಮತ್ತೆ ಕೆರಳಿಸಬಹುದು. ಹೆರಿಗೆಯ ನಂತರದ ಖಿನ್ನತೆಯೂ ಇವರಲ್ಲಿ ಹೆಚ್ಚು. ಇನ್ನೊಂದೆಡೆ, ಬಸುರಿನ ಕಾಲದಲ್ಲಿ ಮಗುವಿಗಾಗಿ ಊಟ ಮಾಡಲು ಕಲಿತು ಚೇತರಿಸಿಕೊಂಡ ಮಹಿಳೆಯರೂ ಇದ್ದಾರೆ.

ನಮ್ಮ ದೇಶದಲ್ಲಿ ಇದು ಶ್ರೀಮಂತರ ಕಾಯಿಲೆ, ಬಾಂದ್ರಾದ ಮಾಡೆಲ್‌ಗಳ ಕಾಯಿಲೆ ಎಂದು ತಳ್ಳಿಹಾಕುವವರಿದ್ದಾರೆ. ಮೈಸೂರಿನ 15ರಿಂದ 25 ವರ್ಷದ 1,600 ವಿದ್ಯಾರ್ಥಿಗಳ ಮೇಲೆ ಪ್ರಶ್ನಾವಳಿಯ ಮೂಲಕ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 26 ಮಂದಿ ಇಂಥ ಅಸ್ವಸ್ಥತೆಯತ್ತ ವಾಲಿದವರಾಗಿ ಕಂಡರು. ಪ್ರಶ್ನಾವಳಿ ರೋಗನಿರ್ಣಯವಲ್ಲ, ಆದರೂ ನಾಲ್ಕರಲ್ಲಿ ಒಬ್ಬರು ಎಂಬುದನ್ನು ಕಡೆಗಣಿಸಲಾಗದು. ಏಷ್ಯಾದ ಕಾಯಿಲೆಯ ಚಹರೆಯೂ ತುಸು ಬೇರೆ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ತೊಂಬತ್ತರ ದಶಕದಲ್ಲಿ, ದಪ್ಪಗಾಗುವ ಭಯವನ್ನು ಹೇಳದೆ ‘ಹೊಟ್ಟೆ ಉಬ್ಬರ, ಹಸಿವಿಲ್ಲ’ ಎನ್ನುವ ರೋಗಿಗಳನ್ನು ವಿವರಿಸಿದರು. ಭಾರತದ ವೈದ್ಯರೂ ಅಂಥವರನ್ನು ಕಂಡಿದ್ದಾರೆ. ನಮ್ಮಲ್ಲಿ ‘ಗ್ಯಾಸ್’, ‘ಪಿತ್ತ’, ‘ವ್ರತ’ ಎಂಬ ಹೆಸರುಗಳ ಹಿಂದೆ ಇದು ಬಚ್ಚಿಟ್ಟುಕೊಳ್ಳುವುದು ಸುಲಭ. ಉಪವಾಸ ತಪ್ಪಲ್ಲ. ಏಕಾದಶಿಯೋ ಶ್ರಾವಣ ಸೋಮವಾರವೋ ಮುಗಿದ ಮೇಲೆ ನೆಮ್ಮದಿಯಿಂದ ಎಲೆಯ ಮುಂದೆ ಕೂರಲು ಬಂದರೆ ಅದು ವ್ರತ. ಪಾರಣೆಗೇ ಹೆದರಿ ಹೊಸ ಉಪವಾಸದ ನೆಪ ಹುಡುಕಿದರೆ ಅದು ಬೇರೆಯೇ.

ರಕ್ತಹೀನತೆಯಿಂದ ಗೊಂದಲ ಇನ್ನೂ ಹೆಚ್ಚುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ, ಶೇ 18.7 ಮಂದಿ ಕಡಿಮೆ ತೂಕದವರು. ಸುಸ್ತು, ಬಿಳಿಚಿದ ಮುಖ, ತೆಳು ಮೈ ಎಲ್ಲವೂ ಎಷ್ಟು ಸಾಮಾನ್ಯವೆಂದರೆ, ಕಬ್ಬಿಣದ ಮಾತ್ರೆ ಬರೆದು ಕಳಿಸಿದರೆ ಮುಗಿಯಿತು. ಬಡತನದಿಂದ ಉಣ್ಣಲಾಗದವರಿಗೂ ಕಾಯಿಲೆಯಿಂದ ಉಣ್ಣಲಾಗದವರಿಗೂ ಮುಟ್ಟು ಒಂದೇ ಬಗೆಯಲ್ಲಿ ನಿಲ್ಲುತ್ತದೆ, ಆದರೆ ಅವರಿಗೆ ಬೇಕಾದ ನೆರವು ಒಂದೇ ಅಲ್ಲ.

ಈಗ ತೂಕ ಇಳಿಸುವ ಚುಚ್ಚುಮದ್ದುಗಳೂ ಬಂದಿವೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ಮಧುಮೇಹ ಮತ್ತು ಸ್ಥೂಲಕಾಯದಿಂದ ಬಳಲುವವರಿಗೆ ಇವು ನಿಜವಾದ ಉಪಕಾರ ಮಾಡುತ್ತಿವೆ. ಆದರೆ ಹಸಿವನ್ನೇ ಅಡಗಿಸುವ ಮದ್ದು ಹಸಿವಿನೊಂದಿಗೆ ಯುದ್ಧದಲ್ಲಿರುವ ಹುಡುಗಿಯ ಕೈಗೆ ಮದುವೆಯ ನೆಪದಲ್ಲಿ ಸಿಕ್ಕರೆ ಏನಾದೀತೆಂದು ಯೋಚಿಸಬೇಕು. ಇವುಗಳಿಂದ ತೂಕ ಇಳಿದ ಸ್ಥೂಲಕಾಯದ ಮಹಿಳೆಯರಲ್ಲಿ ಅಂಡೋತ್ಪತ್ತಿ ಮರಳಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವುದೂ ಉಂಟು. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಹೀರಿಕೆಯನ್ನು ತಗ್ಗಿಸಬಹುದು. ವೆಗೋವಿಯ ಸೆಮಗ್ಲುಟೈಡನ್ನು ಗರ್ಭ ಬಯಸುವ ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು.

ಗಂಡಸರನ್ನು ಮರೆಯುವಂತಿಲ್ಲ. ಅವರಿಗೆ ಮುಟ್ಟಿನಂಥ ಕಣ್ಣಿಗೆ ಕಾಣುವ ಗುರುತಿಲ್ಲ, ಆದರೆ ಊಟದ ಕೊರತೆಯಲ್ಲಿ ಅವರ ಟೆಸ್ಟೋಸ್ಟೆರಾನ್, ಕಾಮಾಸಕ್ತಿ, ವೀರ್ಯದ ಗುಣಮಟ್ಟ ಎಲ್ಲವೂ ಇಳಿಯುತ್ತವೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ನೀಡಿ ನಡೆಸಿದ ಪ್ರಯೋಗದಲ್ಲಿ ಕಾಮಾಸಕ್ತಿ ಬತ್ತಿತ್ತು, ಊಟದ ಯೋಚನೆಯೊಂದೇ ಮನಸ್ಸನ್ನು ತುಂಬಿತ್ತು. ಹಸಿವೇ ಮನಸ್ಸನ್ನು ಕೆಡಿಸಬಲ್ಲದು ಎಂಬುದಕ್ಕೆ ಇದು ಪುರಾವೆ. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಉಪದೇಶ ಕಾಯಿಲೆಯವರ ಮೇಲೆ ಕೆಲಸ ಮಾಡದಿರಲು ಇದೂ ಒಂದು ಕಾರಣ.

ಚೇತರಿಕೆಯ ವಿಷಯದಲ್ಲಿ ಆಶೆಗೆ ಆಧಾರವಿದೆ. ಅನೊರೆಕ್ಸಿಯಾ ಇದ್ದ ಹರೆಯದ ಹುಡುಗಿಯರ ಮೇಲೆ 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವಯಸ್ಸಿಗೆ ತಕ್ಕ ತೂಕದ ಶೇ 90ರ ಆಸುಪಾಸಿಗೆ ಮರಳಿದವರಲ್ಲಿ ಶೇ 86 ಮಂದಿಗೆ ಆರು ತಿಂಗಳೊಳಗೆ ಮುಟ್ಟು ಬಂದಿತ್ತು. ತೂಕ ಸಹಜವಿದ್ದೂ ಮುಟ್ಟು ನಿಂತಿದ್ದ 16 ಮಹಿಳೆಯರ ಇನ್ನೊಂದು ಸಣ್ಣ ಅಧ್ಯಯನವನ್ನು ಅಮೆರಿಕದ ವೈದ್ಯೆ ಸಾರಾ ಬರ್ಗಾ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದರು. ಎಂಟು ಮಂದಿಗೆ ಊಟ, ವ್ಯಾಯಾಮ, ದೇಹದ ಬಗೆಗಿನ ಯೋಚನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು 20 ವಾರ ಕೊಡಲಾಯಿತು. ಅವರಲ್ಲಿ ಏಳು ಮಂದಿಯ ಅಂಡಾಶಯ ಮತ್ತೆ ಚುರುಕಾಯಿತು. ಚಿಕಿತ್ಸೆಯಿಲ್ಲದ ಎಂಟು ಮಂದಿಯಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ. ಹಾರ್ಮೋನು ಕೊಡದೆ, ಬರೀ ಮಾತಿನಿಂದ. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಕಂಡಿಲ್ಲ.

ಮುಟ್ಟನ್ನೇ ರೋಗದ ಅಳತೆಗೋಲು ಮಾಡಬಾರದು ಎಂಬ ಎಚ್ಚರವೂ ಬೇಕು. ಹಿಂದೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಅನೊರೆಕ್ಸಿಯಾ ಎನ್ನಲು ಮೂರು ಚಕ್ರಗಳು ತಪ್ಪಿರಬೇಕಿತ್ತು. 2013ರ ಆವೃತ್ತಿ ಆ ಷರತ್ತನ್ನು ಕೈಬಿಟ್ಟಿತು, ಯಾಕೆಂದರೆ ತೀವ್ರ ಕಾಯಿಲೆಯಲ್ಲೂ ಕೆಲವರ ಮುಟ್ಟು ಮುಂದುವರಿಯುತ್ತದೆ. ಮುಟ್ಟು ಬರುತ್ತಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ.

ಮಗಳಿಗೆ ಹೀಗಿದೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ಹೊರಡುವ ಮಾತು ‘ಹೀಗೇ ಆದರೆ ನಿನಗೆ ಮಕ್ಕಳಾಗುವುದಿಲ್ಲ, ಯಾರು ಮದುವೆಯಾಗುತ್ತಾರೆ?’ ದಯವಿಟ್ಟು ಇದನ್ನು ಹೇಳಬೇಡಿ. ಅದು ಸುಳ್ಳು, ಕ್ರೂರವೂ ಹೌದು. ಹದಿನೇಳರ ಹುಡುಗಿಯ ಆರೋಗ್ಯ ಅವಳದ್ದು, ಮುಂದೆಂದೋ ಬರುವ ಗಂಡನದ್ದೋ ಹುಟ್ಟುವ ಮಗುವಿನದ್ದೋ ಅಲ್ಲ. ‘ನೀನು ತುಂಬ ದಣಿದಂತೆ ಕಾಣುತ್ತೀ, ಊಟಕ್ಕೆ ಕೂತಾಗ ನಿನಗೆ ಕಷ್ಟವಾಗುತ್ತಿದೆ ಅನ್ನಿಸುತ್ತಿದೆ, ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣವೇ?’ ಎನ್ನಬಹುದು. ತಟ್ಟೆಯ ಮುಂದೆ ಜಗಳ ಬೇಡ. ತೀರಾ ಬಡವಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಲು ಮನೆಯಲ್ಲಿ ಹೋಗಬೇಡಿ. ದೀರ್ಘ ಹಸಿವಿನ ನಂತರ ಏಕಾಏಕಿ ಆಹಾರ ಸೇರಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಅಂಥವರು ಆಸ್ಪತ್ರೆಯಲ್ಲಿಯೇ ಚೇತರಿಸಿಕೊಳ್ಳಬೇಕು.

ಹೋಗುವುದೆಲ್ಲಿಗೆ? ಮುಂಬಯಿಯ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವೂ ಮನೋರೋಗ ವಿಭಾಗವೂ ಒಂದೇ ಆವರಣದಲ್ಲಿವೆ. ಮೊದಲು ಮಾತನಾಡಿ ನೋಡಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೆ ಕೊಡುವಂತೆಯೇ ವಿಮೆ ಒದಗಿಸಬೇಕು. ಮೂರು ತಿಂಗಳು ಮುಟ್ಟು ಬಾರದಿದ್ದರೆ, ಅಥವಾ ಎರಡು ಮುಟ್ಟುಗಳ ನಡುವಿನ ಅಂತರ ಮತ್ತೆ ಮತ್ತೆ 45 ದಿನ ದಾಟುತ್ತಿದ್ದರೆ ಕಾಯುವುದು ಬೇಡ. ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಯಾಲ್ ಪರೀಕ್ಷೆಗಳಾಗಬೇಕು. ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳು, ತೂಕದಲ್ಲಾದ ಬದಲಾವಣೆ, ವ್ಯಾಯಾಮದ ಸಮಯ, ತೆಗೆದುಕೊಳ್ಳುತ್ತಿರುವ ಮಾತ್ರೆ ಮತ್ತು ಪುಡಿಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಿಬಿಟ್ಟು ಹೇಳಲಾಗದಿದ್ದರೆ ಊಟದ ಭಯವನ್ನೂ ಅದರಲ್ಲೇ ಬರೆದು ವೈದ್ಯರ ಕೈಗೆ ಕೊಡಬಹುದು. ಸ್ವಲ್ಪ ಹೊತ್ತು ಮಗಳು ಒಬ್ಬಳೇ ವೈದ್ಯರೊಂದಿಗೆ ಮಾತನಾಡಲು ಬಿಟ್ಟು ತಾಯಿ ಹೊರಗೆ ಕೂರುವುದು ಒಳ್ಳೆಯದು.